ಮದುವೆ ಮನೆಯ ಸುಣ್ಣ

ಶಿಕಾರಿಪುರ
೮ ಫೆಬ್ರವರಿ ೨೦೨೬, ಭಾನುವಾರ

ಆನವಟ್ಟಿಯ ಈಶ್ವರ್ ಅವರಿಗೆ ಗಂಗಾಶ್ರೀ ಮಾಡುವ ನಮಸ್ಕಾರ.

ಮದುವೆ ಗೊತ್ತಾದ ಹೊಸದರಲ್ಲಿ ನಿಮಗೆ ಏನಾದರೂ ಬರೆಯಲು ಕೂತರೆ ಮೊದಲ ಸಾಲಿಗೇ ಅರ್ಧ ಗಂಟೆ ಹಿಡಿಯುತ್ತಿತ್ತು. ಪ್ರೀತಿಯ ಎಂದು ಬರೆಯಲು ನಾಚಿಕೆ, ಬರೆಯದೆ ಬಿಡಲು ಮನಸ್ಸಿಲ್ಲ. ಈಗ ಆ ತಾಪತ್ರಯವಿಲ್ಲ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ಮದುಮಗನಲ್ಲವೇ.

ನಿಮ್ಮ ಪತ್ರ ವಕೀಲರ ಕಾಗದಗಳ ಜೊತೆ ಬಂದು ಹತ್ತು ದಿನವಾಯಿತು. ಗೊಬ್ಬರದಂಗಡಿಯ ಬಿಲ್ ಪುಸ್ತಕದ ಹಾಳೆ ಹರಿದು ನಾಲ್ಕು ಸಾಲು ಗೀಚಿದ್ದೀರಿ. ಮೇಲುಗಡೆ ಕಳೆನಾಶಕದ ಜಾಹೀರಾತು, ಅದರ ಕೆಳಗೆ ನನ್ನ ಹೆಸರು. ಹದಿನೆಂಟನೇ ತಾರೀಖು ಕೋರ್ಟಿಗೆ ಬಂದು ವಿಚ್ಛೇದನಕ್ಕೆ ಒಪ್ಪಿಗೆಯಿದೆ ಎಂದು ಹೇಳಿಬಿಡು, ಆದದ್ದೆಲ್ಲ ಮರೆತುಬಿಡು, ಏನು ಬೇಕಾದರೂ ಕೇಳು ಕೊಡುತ್ತೇನೆ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಎಂದಿದ್ದೀರಿ. ಕೊನೆಯ ಮಾತು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪ ಊಟಕ್ಕೆ ಕೂತಿದ್ದರು. ಏನಂತೆ ಎಂದು ಕೇಳಿದರು. ಅಂಗಡಿಗೆ ಹೊಸ ಕಳೆನಾಶಕ ಬಂದಿದೆಯಂತೆ ಎಂದೆ.

ಏನು ಬೇಕಾದರೂ ಕೇಳು ಎಂದಿರಲ್ಲ, ನನಗೆ ಬೇಕಾಗಿದ್ದದ್ದು ಐದೂವರೆ ವರ್ಷದಿಂದ ಒಂದೇ. ನಿಮ್ಮ ಮನೆಯ ಆ ಹೂವಿನ ಬಣ್ಣ ತಿರುಗಿದ್ದು ಸುಣ್ಣದಿಂದ, ಗಂಗಾಶ್ರೀಯ ಕಾಲ್ಗುಣದಿಂದಲ್ಲ ಎಂದು ನೀವು ನಿಮ್ಮ ಪಡಸಾಲೆಯಲ್ಲಿ ನಿಂತು ನಿಮ್ಮ ತಾಯಿಯ ಮುಂದೆ ಹೇಳಬೇಕಾಗಿತ್ತು. ಎರಡು ನಿಮಿಷದ ಮಾತು. ಸುತ್ತಲ ಹತ್ತು ಹಳ್ಳಿಯವರು ಒಂದು ಹಿಡಿ ಮಣ್ಣು ಚೀಲದಲ್ಲಿ ತಂದು ನಿಮ್ಮ ಕೈಗೆ ಕೊಟ್ಟು, ನೀವು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಾರೆ. ಮಣ್ಣಿನ ಡಾಕ್ಟರು ಎಂದೇ ನಿಮ್ಮನ್ನು ಕರೆಯುವುದು. ಆ ಡಾಕ್ಟರು ಹೇಳಿದ್ದರೆ ನಿಮ್ಮ ತಾಯಿ ಖಂಡಿತ ನಂಬುತ್ತಿದ್ದರು.

ಮೊದಲಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ. ಆದರೆ ಇದನ್ನು ಯಾರೂ ಒಂದು ಸಲವೂ ಪೂರ್ತಿಯಾಗಿ ನಿಮಗೆ ಹೇಳಿಲ್ಲ.

ಮದುವೆಯಾಗಿ ಬಂದ ವಾರದಲ್ಲಿ ಅಂಗಳದ ನಲ್ಲಿಯ ಪಕ್ಕದ ಗಿಡ ತೋರಿಸಿ, ಇದು ಹೈಡ್ರೇಂಜಿಯಾ ಅಲ್ವಾ ಅತ್ತೆ ಎಂದು ಕೇಳಿದ್ದೆ. ನಮ್ಮನೇಲಿ ಅದು ಅಪ್ಪಾಜಿ ಹೂವು ಕಣವ್ವ, ಇನ್ನೊಂದು ಹೆಸರು ಯಾತಕ್ಕೆ ಎಂದರು. ನೀವು ಹುಟ್ಟಿದ ವರ್ಷ ನಿಮ್ಮ ತಂದೆ ಶಿವಮೊಗ್ಗದ ಫಲಪುಷ್ಪ ಪ್ರದರ್ಶನದಿಂದ ಒಂದು ಕಡ್ಡಿ ತಂದು ಊರಿದ್ದರಂತೆ. ಅಂದಿನಿಂದ ಮಳೆಗಾಲ ಬಂತೆಂದರೆ ಮುಷ್ಟಿಗಿಂತ ದೊಡ್ಡ ನೀಲಿ ಗೊಂಚಲುಗಳು. ಅವರು ತೀರಿಕೊಂಡ ಮೇಲೆ ಪ್ರತಿ ವರ್ಷದ ಮೊದಲ ಗೊಂಚಲು ಅವರ ಫೋಟೋದ ಮುಂದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಬಣ್ಣ ಕೆಟ್ಟಿರಲಿಲ್ಲ ಎಂದು ನಿಮ್ಮ ತಾಯಿ ಹೇಳುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ನನಗೂ ಆ ಕಥೆ ಇಷ್ಟವಾಗಿತ್ತು.

ನಮ್ಮ ಮದುವೆ ೨೦೧೯ರ ಬಸವ ಜಯಂತಿ ಕಳೆದ ಮರುವಾರ. ಅದಕ್ಕೆ ಎರಡು ತಿಂಗಳು ಮೊದಲು ನಿಮ್ಮ ಮನೆಗೆ ಸುಣ್ಣ ಬಳಿಸಿದಿರಿ. ಮುಂದಿನ ಗೋಡೆಗೆಲ್ಲ ಪೇಂಟ್ ಆಗಿದ್ದರೂ ಕಾಂಪೌಂಡಿಗೆ, ಹಿತ್ತಲ ಗೋಡೆಗೆ ಸುಣ್ಣವೇ ಬೀಳಬೇಕು, ಮದುವೆ ಮನೆ ಅಂದಮೇಲೆ ಸುಣ್ಣ ತಾಗದಿದ್ದರೆ ಹೇಗೆ ಎನ್ನುವುದು ನಿಮ್ಮ ತಾಯಿಯ ಹಟ. ಡ್ರಮ್ಮನ್ನು ಹಿತ್ತಲಲ್ಲಿ ಇಟ್ಟು ಸುಣ್ಣದ ಕಲ್ಲು ಅರಳಿಸು ಎಂದು ನಿಮಗೆ ಹೇಳಿ ಅವರು ಲಗ್ನಪತ್ರಿಕೆ ಹಂಚಲು ಹೋದರು. ಹಿತ್ತಲಿಗೆ ನೀರು ಹೊರಬೇಕಲ್ಲ. ನೀವು ಅಂಗಳದ ನಲ್ಲಿಯ ಪಕ್ಕದಲ್ಲೇ, ಅಪ್ಪಾಜಿ ಹೂವಿನ ಬುಡದಲ್ಲೇ ಡ್ರಮ್ಮು ಇಡಿಸಿದಿರಿ. ಸುಣ್ಣ ಕುದಿಯುವಾಗ ಲುಂಗಿ ಎತ್ತಿ ಕಟ್ಟಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿ ನನಗೆ ಕಳಿಸಿದಿರಿ. ಮದುವೆ ಮನೆ ಕೆಲಸ ಶುರು ಎಂದು ಬರೆದಿದ್ದಿರಿ. ಹಬೆಯ ಹಿಂದೆ ಗಿಡ ಕಾಣುತ್ತದೆ. ಎಲೆಗಳ ಮೇಲೆಲ್ಲ ಸುಣ್ಣದ ಬಿಳಿ ಹನಿ. ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೆ ಗೊತ್ತೇ? ಗಿಡವನ್ನಲ್ಲ, ನಿಮ್ಮನ್ನು.

ಆಷಾಢಕ್ಕೆ ತವರಿಗೆ ಹೋಗಿ ಶ್ರಾವಣದಲ್ಲಿ ವಾಪಸ್ ಬಂದಾಗ ಗೊಂಚಲುಗಳು ಬಿಟ್ಟಿದ್ದವು. ನೀಲಿಯೂ ಅಲ್ಲ, ಕೆಂಪೂ ಅಲ್ಲ, ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಏನೋ ಒಂದು. ಮರುವರ್ಷ ಅಷ್ಟೂ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಬೆಳಿಗ್ಗೆ ಅವರು ಒಂದು ಗೊಂಚಲು ಕಿತ್ತು ಒಳಗೆ ತಂದು, ಫೋಟೋದ ಮುಂದೆ ಇಡಲು ಹೋಗಿ ಇಡದೆ, ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಕೂತುಬಿಟ್ಟರು. ಅವರು ಮುಖ ತಿರುಗಿಸ್ಯಾರೆ ಎಂದರು. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಯಾರಿಂದ ಎನ್ನುವುದು ನಾಲ್ಕು ದಿನದಲ್ಲಿ ಗೊತ್ತಾಯಿತು. ಸೊಸೆ ಬಂದಳು, ಹೂ ತಿರುಗಿತು. ಬೀದಿಯವರಿಗೂ ಅದೇ ಲೆಕ್ಕ ಸರಿಯಾಗಿ ಕಂಡಿತು.

ಆಮೇಲೆ ಮನೆಯಲ್ಲಿ ಏನೇ ಆದರೂ ಗಿಡದ ಕಡೆ ನೋಡಿ ನನ್ನ ಕಡೆ ನೋಡುವ ಅಭ್ಯಾಸವಾಯಿತು. ಬೋರಿನ ಮೋಟಾರು ಸುಟ್ಟಿತು. ಹಸು ಕಂದು ಹಾಕಿತು. ನಿಮ್ಮ ತಾಯಿ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ೨೦೨೧ರ ಜುಲೈಯಲ್ಲಿ ನನ್ನ ಹೊಟ್ಟೆಯದು ಮೂರು ತಿಂಗಳಿಗೆ ಹೋಯಿತು. ನೋಡಲು ಬಂದವರಿಗೆ ನಿಮ್ಮ ತಾಯಿ ಇದನ್ನೂ ಮೋಟಾರು ಸುಟ್ಟದ್ದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಮಲಗಿ ಕೇಳುತ್ತಿದ್ದೆ. ಹೊರಗೆ ನಿಮ್ಮ ದನಿಗೆ ಕಾದೆ. ಕಾಫಿ ತಗೊಳ್ಳಿ ಎಂದು ಬಂದವರಿಗೆ ಹೇಳಿದಿರಿ.

ಇಷ್ಟರಲ್ಲಿ ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ನೆನಪು ಮಾಡಿಕೊಳ್ಳಿ. ೨೦೨೦ರ ಆಗಸ್ಟ್. ಕೊರೋನಾ ಭಯಕ್ಕೆ ಊರಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿದ್ದರೂ ನಿಮ್ಮ ಗೊಬ್ಬರದಂಗಡಿ ತೆರೆದಿತ್ತು. ನಿಮಗೆ ಊಟ ತಂದ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ ಪಲ್ಯದ ಬದಲು ಗಿಡದ ಬುಡದ ಮಣ್ಣು ತುಂಬಿಕೊಂಡು ಬಂದಿದ್ದೆ. ನಾನು ವಿಜ್ಞಾನ ಪಾಠ ಮಾಡಿದವಳು. ಆ ಗಿಡದ ಗುಣ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಲಿಟ್ಮಸ್ ಕಾಗದಕ್ಕೆ ಪೂರ್ತಿ ಉಲ್ಟಾ. ಮಣ್ಣು ಹುಳಿಯಾಗಿದ್ದರೆ ಹೂ ನೀಲಿ, ಮಣ್ಣಿಗೆ ಸುಣ್ಣ ಬಿದ್ದರೆ ಗುಲಾಬಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದರಿಂದ ನೀಲಿ. ಸುಣ್ಣ ಅದನ್ನು ಕಟ್ಟಿಹಾಕುತ್ತದೆ. ಇಷ್ಟೇ ಸಂಗತಿ. ಪುಸ್ತಕದ್ದು ನನಗೆ ಗೊತ್ತು, ಮಣ್ಣಿನದು ನಿಮಗೆ ಗೊತ್ತು, ಒಟ್ಟಿಗೆ ನೋಡೋಣ ಎಂದು ಎಷ್ಟು ಖುಷಿಯಲ್ಲಿ ಬಂದಿದ್ದೆ. ನೀವು ಮಣ್ಣನ್ನು ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು, ಪಿಎಚ್ ಕಾಗದ ಅದ್ದಿ ಬೆಳಕಿಗೆ ಹಿಡಿದಿರಿ. ನಮ್ಮ ಕಡೆ ಎಲ್ಲಾ ಐದು ಐದೂವರೆ ಇರ್ತದೆ, ಇದು ಎಂಟರ ಹತ್ರ ಐತೆ ಎಂದಿರಿ. ಹಂಗಾದ್ರೆ ಸುಣ್ಣಾನೇ ಎಂದೆ. ಹೌದು, ಸುಣ್ಣದ್ದೇ ಎಂದಿರಿ. ಆಮೇಲೆ ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಿರಿ.

ಅವ್ವಂಗೆ ಹೇಳಬ್ಯಾಡ ಗಂಗಾ, ಅಪ್ಪಾಜಿ ಹೂವಿನ ಬುಡಕ್ಕೆ ನಾನೇ ಸುಣ್ಣ ಹಾಕಿದೆ ಅಂತ ಗೊತ್ತಾದ್ರೆ ಆಕೆ ತಡ್ಕಳಲ್ಲ, ಸಮಯ ನೋಡಿ ನಾನೇ ಹೇಳ್ತೀನಿ ಎಂದಿರಿ. ನಾನು ಒಪ್ಪಿದೆ. ಪಲ್ಯವಿಲ್ಲದೆ ಊಟ ಮಾಡಿದಿರಿ, ಅದಕ್ಕೆ ನನಗೇ ಪಾಪ ಅನಿಸಿತ್ತು.

ಆ ಸಮಯ ಬರಲೇ ಇಲ್ಲ. ಕೊನೆಗೆ ನಾನೇ ಒಂದು ದಿನ ಅತ್ತೆಗೆ ಹೇಳಿದೆ, ಇದು ಸುಣ್ಣದಿಂದ ಆದದ್ದು ಎಂದು. ನಿಮ್ಮ ಹೆಸರು ಎತ್ತಲಿಲ್ಲ. ಅವರು, ಸುಣ್ಣ ಹಿತ್ತಲಲ್ಲಿ ಅರಳಿಸಿದ್ದು, ಇಲ್ಲಿಗೆ ಹೆಂಗೆ ಬರ್ತದೆ ಎಂದು ನಿಮ್ಮನ್ನು ಕರೆದು ಕೇಳಿದರು. ನೀವು ಚಪ್ಪಲಿ ಹಾಕಿಕೊಳ್ಳುತ್ತಿದ್ದಿರಿ. ತಲೆ ಎತ್ತದೆ, ಹಿತ್ತಲಲ್ಲೇ ಎಂದಿರಿ. ಒಂದೇ ಪದ. ಅವತ್ತಿನಿಂದ ನಾನು ಕಾಲ್ಗುಣ ಕೆಟ್ಟವಳಷ್ಟೇ ಅಲ್ಲ, ಸುಳ್ಳು ಹೇಳುವವಳೂ ಆದೆ. ಫೋನಿನಲ್ಲಿ ಫೋಟೋ ಇತ್ತಲ್ಲ, ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೋರಿಸಿದ್ದರೆ ನನ್ನ ಗಂಡ ತಾಯಿಯ ಎದುರು ಸಣ್ಣವನಾಗುತ್ತಿದ್ದ. ಅದು ನನ್ನಿಂದ ಆಗಲಿಲ್ಲ. ಈಗ ಯೋಚಿಸಿದರೆ ನನ್ನ ಮೇಲೇ ಕೋಪ ಬರುತ್ತದೆ.

ನಿಮ್ಮ ತಾಯಿಯ ಮೇಲೆ ಪೂರ್ತಿ ಕೋಪ ಇವತ್ತಿಗೂ ಬರುವುದಿಲ್ಲ. ಮದುವೆಯ ದಿನ ನನ್ನನ್ನು ಮನೆ ತುಂಬಿಸಿಕೊಳ್ಳಲು ಅವರು ಎತ್ತಿದ ಆರತಿಯ ನೀರು ಕೆಂಪಾದದ್ದೂ ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿಯೇ. ಅದನ್ನು ಶುಭ ಎಂದರು, ಇದನ್ನು ಕೇಡು ಎಂದರು. ಎರಡೂ ಅವರಿಗೆ ಯಾರೋ ಹೇಳಿಕೊಟ್ಟದ್ದು. ಇದನ್ನು ಬೇರೆ ಥರ ಹೇಳಿಕೊಡಬೇಕಾಗಿದ್ದವರು ನೀವು. ಅವರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು.

೨೦೨೨ರ ಶಿವರಾತ್ರಿಗೆ ಮೊದಲು ನಿಮ್ಮ ಉಜ್ಜಪ್ಪ ದೊಡ್ಡಪ್ಪ ಪಡಸಾಲೆಯಲ್ಲಿ ಹಿರಿಯರನ್ನು ಕೂರಿಸಿದರು. ನಮ್ಮಪ್ಪನಿಗೂ ಕರೆ ಹೋಯಿತು. ನಮ್ಮಪ್ಪ ಹುಚ್ಚರಾಯಪ್ಪ ಎಂದರೆ ಶಿಕಾರಿಪುರದ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಗಂಟೆಗಟ್ಟಲೆ ವಾದ ಮಾಡುವ ಮನುಷ್ಯ. ಅವತ್ತು ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹುಡುಗಿ ಸ್ವಲ್ಪ ದಿನ ತವರಲ್ಲಿರಲಿ, ಗಿಡ ತಿರುಗಿ ನೀಲಿ ಬಂದ ಮೇಲೆ ಕರೆಸಿಕಂಡ್ರಾತು ಎಂದು ದೊಡ್ಡಪ್ಪ ತೀರ್ಮಾನ ಕೊಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೈಯಲ್ಲಿ ಫೋನು, ಪರದೆಯ ಮೇಲೆ ಆ ಫೋಟೋ. ನಿಮ್ಮನ್ನೇ ನೋಡಿದೆ. ನೀವು ತಲೆ ಎತ್ತಿದ್ದರೆ ಸಾಕಿತ್ತು, ಮಾತು ಕೂಡ ಬೇಡ. ನೀವು ನಿಮ್ಮ ಫೋನಿನಲ್ಲಿ ಯೂರಿಯಾ ಲಾರಿ ಎಲ್ಲಿಗೆ ಬಂತು ಎಂದು ನೋಡುತ್ತಿದ್ದಿರಿ. ನನ್ನ ಚೀಲ ಎತ್ತಿಕೊಂಡದ್ದು ನಮ್ಮಪ್ಪ.

ಆ ವರ್ಷ ಜೂನ್ ಕೊನೆಯಲ್ಲಿ ನಿಮ್ಮ ಫೋನು ಬಂತು. ಹೂ ನೀಲಿ ಬಂದೈತೆ ಗಂಗಾ, ಮೊದಲಿನಂಗೇ ಎಂದಿರಿ. ದನಿಯಲ್ಲಿ ಎಷ್ಟು ಸಂತೋಷವಿತ್ತು. ಅದು ಹೇಗೆ ನೀಲಿಯಾಯಿತು ಎನ್ನುವುದನ್ನು ಈಗ ಬಿಡಿ. ಕರೆಯಲು ಯಾವಾಗ ಬರ್ತೀರಿ ಎಂದು ಕೇಳಿದೆ. ನಿಜ ಹೇಳುತ್ತೇನೆ, ಫೋನು ಕಿವಿಗೆ ಇಟ್ಟುಕೊಂಡೇ ಬೀರುವಿನಿಂದ ಸೀರೆ ತೆಗೆಯುತ್ತಿದ್ದೆ. ಅವ್ವ ಏನಂತಾಳೆ ಅಂದ್ರೆ, ಆಕೆ ಹೋದ್ಲು ಬಣ್ಣ ಬಂತು, ಮತ್ತೆ ಬಂದ್ರೆ ಮತ್ತೆ ತಿರುಗ್ತದೆ ಅಂತಾಳೆ ಎಂದಿರಿ. ನೀವೇನಂತೀರಿ ಎಂದೆ. ಸ್ವಲ್ಪ ದಿನ ನೋಡೋಣ ಎಂದಿರಿ. ನೀಲಿ ಬಂದರೆ ಕರೆಸಿಕೊಳ್ಳುತ್ತೇವೆ ಎಂದವರು ನೀಲಿ ಬಂತೆಂದೇ ಕರೆಸಿಕೊಳ್ಳಲಿಲ್ಲ. ತೆಗೆದ ಸೀರೆಗಳನ್ನು ಒಂದೊಂದಾಗಿ ವಾಪಸ್ ಇಟ್ಟು, ನಿಮ್ಮ ನಂಬರನ್ನು ಬ್ಲಾಕ್ ಮಾಡಿದೆ.

ಈಗ ನಾನು ಅಂಜನಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಬರುವಾಗ ನಿಮ್ಮ ಗಿಡದ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ, ಅದನ್ನು ನಿಮಗೆ ಹೇಳಿರಲಿಲ್ಲ. ನಮ್ಮ ಮನೆಯ ಹಿಂದೆ ಚಿಗುರಿ ದೊಡ್ಡದಾಗಿದೆ. ನಮ್ಮ ಬೋರಿನ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಕೂರುತ್ತದೆ. ಹಾಗಾಗಿ ಇಲ್ಲಿ ಅದು ಹುಟ್ಟಿದ್ದೇ ಗುಲಾಬಿ ಬಣ್ಣದಲ್ಲಿ. ಅಪ್ಪ ದಿನಾ ನೀರು ಹಾಕುತ್ತಾರೆ, ಚಂದ ಐತಲ್ಲವ್ವ ಎನ್ನುತ್ತಾರೆ. ಆ ಬಣ್ಣಕ್ಕೆ ಕಾರಣ ಕೇಳಿದವರು ಈ ಮನೆಯಲ್ಲಿ ಒಬ್ಬರೂ ಇಲ್ಲ.

ಇನ್ನು ಈ ಪತ್ರ ಬರೆಯಲು ಕೂತ ಕಾರಣ. ಕಳೆದ ಭಾನುವಾರ ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ದುರುಗಮ್ಮ ಸಿಕ್ಕಳು. ನಿಮ್ಮ ಮನೆಗೆ ಸುಣ್ಣ ಬಳಿಯುವ ದುರುಗಮ್ಮನೇ. ಮಗಳ ಮನೆಗೆ ಬಂದಿದ್ದಳಂತೆ. ನನ್ನ ಕೈ ಹಿಡಿದುಕೊಂಡು, ಗಂಗಕ್ಕ, ನಿಮಗೆ ಹೇಳಬಾರ್ದು, ಆದ್ರೂ ಹೇಳ್ತೀನಿ ಎಂದು ಎಲ್ಲ ಹೇಳಿದಳು. ಹುಡುಗಿ ಸೊರಬದವಳು, ಹೆಸರು ಮಧುಶ್ರೀ, ಯುಗಾದಿ ಕಳೆದ ಮೇಲೆ ಮದುವೆ. ಕೋರ್ಟಿನ ಕಾಗದಕ್ಕೆ ಕಾಯುತ್ತಾ ಕೂತಿಲ್ಲ, ಮನೆ ಕೆಲಸ ಶುರುವಾಗಿದೆ. ಶಿವರಾತ್ರಿ ಮುಗಿದ ಮರುದಿನ ಸುಣ್ಣ ಅರಳಿಸುವುದು. ಡ್ರಮ್ಮು ಈಗಾಗಲೇ ಇಟ್ಟಾಗಿದೆ. ಎಲ್ಲಿ ಎಂದು ಕೇಳಿದೆ. ಹೋದ ಸಲ ಇಟ್ಟಲ್ಲೇ ಅಕ್ಕ, ನಲ್ಲಿ ಹತ್ರ ಎಂದಳು.

ಈಶ್ವರ್ ನೋಡಿದ್ರಾ ಎಂದೆ. ನೋಡಿದ್ರು, ಏನೂ ಅನ್ಲಿಲ್ಲ ಎಂದಳು.

ನೀವು ಯಾಕೆ ಏನೂ ಅನ್ನಲಿಲ್ಲ ಎಂದು ನನಗೆ ಗೊತ್ತು. ಡ್ರಮ್ಮು ಹಿತ್ತಲಿಗೆ ಸರಿಸು ಎಂದರೆ ದುರುಗಮ್ಮ ಅಲ್ಲೇ ನಿಮ್ಮ ತಾಯಿಯ ಎದುರು, ಹೋದ ಸಲ ನೀವೇ ಇಲ್ಲಿಡಿಸಿದ್ರಲ್ಲ ಈಶಣ್ಣ ಎನ್ನುತ್ತಾಳೆ. ಅಷ್ಟು ಸಾಕು ಎಲ್ಲ ಬಿಚ್ಚಿಕೊಳ್ಳಲು. ಅದಕ್ಕೇ ಅಂಗಡಿಗೆ ಹೊರಟುಹೋಗಿರುತ್ತೀರಿ. ಇನ್ನೊಂದು ಹೆಣ್ಣು ಬಂದು, ಎರಡು ಮಳೆಗಾಲ ಕಳೆದು, ಗೊಂಚಲು ಗುಲಾಬಿಯಾಗಿ, ಮತ್ತೆ ಪಡಸಾಲೆಯಲ್ಲಿ ಜನ ಕೂತರೂ ನಿಮ್ಮ ಬಾಯಿ ತೆರೆಯುವುದಿಲ್ಲ. ಹೆಣ್ಣು ನೋಡಿದ ದಿನ ನಿಮ್ಮ ತಾಯಿ ಮಧುಶ್ರೀಗೆ ಆ ಗಿಡ ತೋರಿಸಿ, ಮನೆಗೆ ಬಂದೋರು ಎಂಥೋರು ಅಂತ ಇದು ಹೇಳಿಬಿಡ್ತದೆ ಎಂದರಂತೆ. ಹುಡುಗಿ ನಕ್ಕು, ಹೂ ಯಾವಾಗ ಬಿಡ್ತದೆ ಎಂದು ಕೇಳಿತಂತೆ.

ನನ್ನ ಕೆಟ್ಟತನವನ್ನೂ ಬರೆದುಬಿಡುತ್ತೇನೆ. ಡ್ರಮ್ಮು ಸರಿಸು ಎಂದು ದುರುಗಮ್ಮನಿಗೆ ಅಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದಿತ್ತು. ನುಂಗಿಕೊಂಡು ಅವಳಿಗೆ ಟೀ ಕೊಡಿಸಿ ಬಸ್ಸು ಹತ್ತಿಸಿದೆ. ಸುಮ್ಮನಿರುವುದನ್ನು ನಿಮ್ಮ ಮನೆಯಲ್ಲಿ ಚೆನ್ನಾಗಿ ಕಲಿತಿದ್ದೆ. ಅಲ್ಲಿಂದ ಐದು ದಿನ ನಾನು ಎಷ್ಟು ಸುಖವಾಗಿದ್ದೆ ಗೊತ್ತೇ! ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಮನಸ್ಸಿನಲ್ಲಿ ನಿಮ್ಮ ಅಂಗಳದ ತುಂಬಾ ಗುಲಾಬಿ ಗೊಂಚಲು. ನಾನಿಲ್ಲದೆಯೂ ಹೂ ತಿರುಗಿತು ಎಂದು ಊರಿಗೆ ತಿಳಿಯುತ್ತದೆ. ಹಾಗಾದರೆ ಮೊದಲ ಸೊಸೆಯ ತಪ್ಪೇನಿರಲಿಲ್ಲ ಎಂದು ಯಾರಾದರೊಬ್ಬರಾದರೂ ಅನ್ನುತ್ತಾರೆ. ನಾನು ಬೆರಳೂ ಎತ್ತಬೇಕಾಗಿಲ್ಲ. ಮಧುಶ್ರೀಗೆ ಏನಾಗುತ್ತದೆ ಎಂದು ಯೋಚಿಸದೆ ಇರಲು ತುಂಬಾ ಕಷ್ಟಪಟ್ಟೆ, ಹೆಚ್ಚುಕಡಿಮೆ ಗೆದ್ದೂ ಇದ್ದೆ.

ಶುಕ್ರವಾರ ಎಂಟನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ. ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಚೂರುಗಳನ್ನು ಮಕ್ಕಳಿಗೆ ಕೊಟ್ಟು ಒಬ್ಬೊಬ್ಬರೇ ಬಂದು ಲೋಟಗಳಲ್ಲಿ ಅದ್ದಿ ಎಂದಿದ್ದೆ. ಸ್ಪಂದನ ಎಂಬ ಹುಡುಗಿಯ ಸರದಿ ಬಂತು. ಮೂರು ತಿಂಗಳಿಂದ ನನ್ನ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಸುಣ್ಣದ ತಿಳಿಯಲ್ಲಿ ಅದ್ದಿದಳು. ಕಾಗದ ಕೆಂಪಗಾದದ್ದೇ ಬೆಚ್ಚಿ ಕೈ ಬಿಟ್ಟು, ನಾನೇನೂ ಮಾಡ್ಲಿಲ್ಲ ಟೀಚರ್ ಎಂದಳು. ಕಣ್ಣಲ್ಲಿ ನೀರು ನಿಂತಿತ್ತು. ಕಾಗದ ಹಾಳು ಮಾಡಿದೆ ಎಂದುಕೊಂಡಿರಬೇಕು. ನಾನು ಅವಳ ಭುಜ ಹಿಡಿದು, ನೀನೇನೂ ಮಾಡಿಲ್ಲಮ್ಮ, ಅದು ಸುಣ್ಣದ ಗುಣ ಎಂದೆ.

ಹೇಳಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಈ ಒಂದು ಮಾತಿಗಾಗಿ ನಾನು ನಿಮ್ಮ ಬಾಯಿಯನ್ನೇ ನೋಡುತ್ತಾ ಕೂತಿದ್ದೆ. ಹೇಳಲು ಎಷ್ಟು ಸುಲಭವಿತ್ತು. ಮಕ್ಕಳಿಗೆ ಪಾಠ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಬಹಳ ವರ್ಷದ ಮೇಲೆ ಅತ್ತುಬಿಟ್ಟೆ.

ಅವತ್ತೇ ಸಂಜೆ ದುರುಗಮ್ಮನಿಗೆ ಫೋನು ಮಾಡಿದೆ. ಸುಣ್ಣದ ಡ್ರಮ್ಮು ಹಿತ್ತಲಿಗೆ ಒಯ್ದಿಡು, ತೊಳೆದ ನೀರೂ ಆ ಕಡೆಯೇ ಚೆಲ್ಲು, ನಲ್ಲಿ ಹತ್ರ ಗಿಡದ ಬೇರಿಗೆ ಬಿಸಿ ತಾಗ್ತದೆ, ನಾನು ಹೇಳಿದೆ ಅನ್ನಬೇಡ ಎಂದೆ. ಹೌದಲ್ವಾ ಅಕ್ಕ, ಇದನ್ನ ಮೊದ್ಲೇ ಯಾರೂ ಹೇಳ್ಲೇ ಇಲ್ಲ ಎಂದಳು. ನಿನ್ನೆ ಅವಳೇ ಫೋನು ಮಾಡಿ ಸರಿಸಿದೆ ಎಂದಳು. ಈಶಣ್ಣ ಅಲ್ಲೇ ನಿಂತಿದ್ರು, ಇಟ್ಟಾಗ್ಲೂ ಏನೂ ಅನ್ಲಿಲ್ಲ, ತೆಗೆದಾಗ್ಲೂ ಏನೂ ಅನ್ಲಿಲ್ಲ ಎಂದಳು.

ಹಾಗಾಗಿ ನಿಮಗಿನ್ನು ಚಿಂತೆಯಿಲ್ಲ. ಮಳೆಗಾಲದಲ್ಲಿ ಹೂ ನೀಲಿಯಾಗಿಯೇ ಬಿಡುತ್ತದೆ. ಮೊದಲ ಗೊಂಚಲು ನಿಮ್ಮ ತಂದೆಯ ಫೋಟೋದ ಮುಂದೆ ಕೂರುತ್ತದೆ. ಮಧುಶ್ರೀಯ ಕಾಲ್ಗುಣ ಒಳ್ಳೆಯದು ಎನ್ನುತ್ತಾರೆ, ಹಾಗೆಯೇ ನನ್ನದು ಕೆಟ್ಟದು ಎನ್ನುವುದೂ ಅವತ್ತಿಗೆ ಗಟ್ಟಿಯಾಗುತ್ತದೆ. ಇದು ಗೊತ್ತಿದ್ದೇ ಮಾಡಿದ್ದೇನೆ. ಪಡಸಾಲೆಯಲ್ಲಿ ಬಂದು ಹೇಳಿ ಎಂದು ಇನ್ನು ಕೇಳುವುದಿಲ್ಲ. ಕೇಳಿ ಹೇಳಿಸಿಕೊಂಡ ಮಾತು ನನಗೆ ಬೇಡವಾಗಿದೆ. ಹದಿನೆಂಟಕ್ಕೆ ಕೋರ್ಟಿಗೆ ಬಂದು ಒಪ್ಪಿಗೆ ಹೇಳುತ್ತೇನೆ. ಆ ಹಳೆಯ ಫೋಟೋದ ಒಂದು ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ನೀವು ಅದರಲ್ಲಿ ಚೆನ್ನಾಗಿ ಬಂದಿದ್ದೀರಿ. ನಾನು ನೋಡಿ ಮುಗಿಯಿತು.

ಇಂತಿ,
ಹದಿನೆಂಟನೇ ತಾರೀಖಿನವರೆಗೆ ನಿಮ್ಮ ಹೆಂಡತಿ,
ಗಂಗಾಶ್ರೀ

ಮರೆತ ವಿಷಯ: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಪತ್ರ ಮುಗಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ. ೨೦೨೨ರಲ್ಲಿ ಹೂ ನೀಲಿಯಾದದ್ದು ನಾನು ಮನೆ ಬಿಟ್ಟದ್ದಕ್ಕಲ್ಲ. ಅದನ್ನು ನೀಲಿ ಮಾಡಿದವಳು ನಾನೇ. ಹಿಂದಿನ ಜುಲೈಯಿಂದ ಹೊರಟ ವಾರದವರೆಗೆ, ಸೋಮವಾರ ಸೋಮವಾರ ನಿಮ್ಮ ತಾಯಿ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ, ಬುಡದ ಸುಣ್ಣದ ಮಣ್ಣು ಕೆರೆದು ಬಕೆಟ್ಟಿನಲ್ಲಿ ಹೊತ್ತು ಆಚೆ ಸುರಿದು ಬಂದು, ಪಟಿಕ ಕರಗಿಸಿದ ನೀರು ಹಾಕುತ್ತಿದ್ದೆ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಹೂವಿಗೆ ಬೇಕಾದದ್ದು ಅದೇ. ಹೊಟ್ಟೆಯದು ಹೋದ ಮೇಲೆ ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದ ತಿಂಗಳಲ್ಲೂ ಎತ್ತಿದ್ದೇನೆ. ಕೈ ಯಾಕೆ ಹೀಗೆ ಒಡೆದಿದೆ ಎಂದು ನೀವೊಮ್ಮೆ ಕೇಳಿದಿರಿ, ಸೋಪಿನಿಂದ ಎಂದಿದ್ದೆ. ಈ ಸಂಗತಿಯನ್ನು ಇಷ್ಟು ವರ್ಷ ನಾನೂ ಬಚ್ಚಿಟ್ಟೆ. ನಾಚಿಕೆ ಬೇರೇನಿಲ್ಲ, ಆ ಮನೆಯಲ್ಲಿ ಉಳಿಯಲು ನನಗೆ ಅಷ್ಟೊಂದು ಆಸೆಯಿತ್ತು ಎಂದು ನಿಮಗೆ ತಿಳಿಯಬಾರದಿತ್ತು. ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುವುದಿಲ್ಲ. ನೀವು ಹೇಳುವವರಲ್ಲ.